ಮಳೆಗಾಲಕ್ಕೆ ಹೆದರದ ಬೋರ್ಡು

‘ಇಲ್ಲಿ ಬ್ಲೌಸ್ ಹೊಲಿದು ಕೊಡಲಾಗುವುದು’, ‘ಮನೆಯಲ್ಲಿ ಮಾಡಿದ ಹಪ್ಪಳ, ಸಂಡಿಗೆ, ಚಟ್ನಿಪುಡಿ ದೊರೆಯುತ್ತದೆ’, ‘ಒಂದರಿಂದ ಏಳನೇ ತರಗತಿವರೆಗೆ ಮನೆಪಾಠ’. ನಮ್ಮ ನಿಮ್ಮ ಊರಿನ ಓಣಿಗಳಲ್ಲಿ ಇಂಥ ಬೋರ್ಡುಗಳಿಗೇನೂ ಬರವಿಲ್ಲ. ಆದರೆ ಒಂದು ಮಳೆಗಾಲ ಕಳೆದ ಮೇಲೆ ಅವುಗಳ ಅವಸ್ಥೆ ನೋಡಿದ್ದೀರಾ? ಅಂಚು ಉಬ್ಬಿ, ಬಣ್ಣ ಎದ್ದು, ಅಕ್ಷರ ಅರ್ಧಂಬರ್ಧ ಉದುರಿ, ‘ಹಪ್ಪಳ’ ಹೋಗಿ ‘ಹಳ’ ಮಾತ್ರ ಉಳಿದಿರುತ್ತದೆ. ನೋಡಿದವರಿಗೆ ನಗು. ಆ ಬೋರ್ಡನ್ನೇ ನಂಬಿಕೊಂಡವರ ಪಾಡು ಮಾತ್ರ ನಗುವಂಥದ್ದಲ್ಲ.

ನಮ್ಮ ಓರಗಿತ್ತಿಯ ಕಥೆಯನ್ನೇ ಹೇಳುತ್ತೇನೆ. ಸಾಗರದಲ್ಲಿ ಅವಳ ಮನೆ, ಅದೂ ಮುಖ್ಯರಸ್ತೆಯಿಂದ ಎರಡು ತಿರುವು ಒಳಗೆ. ಮೈದುನನ ಕೆಲಸ ಹೋದ ಮೇಲೆ ಮದುವೆಯಲ್ಲಿ ತವರಿನವರು ಕೊಟ್ಟ ಹೊಲಿಗೆ ಯಂತ್ರವೇ ಮನೆಗೆ ಆಧಾರವಾಯಿತು. ಕೈ ಒಳ್ಳೆಯದು, ಕೊಟ್ಟ ಮಾತಿಗೆ ತಪ್ಪುವವಳಲ್ಲ. ಆದರೆ ಆ ಓಣಿಯೊಳಗೆ ಹೊಲಿಗೆಯವಳಿದ್ದಾಳೆ ಅಂತ ಹೊರಗಿನವರಿಗೆ ಗೊತ್ತಾಗುವುದು ಹೇಗೆ? 2022ರ ಮೇ ತಿಂಗಳಲ್ಲಿ, ಶಾಲೆ ಸಮವಸ್ತ್ರದ ಕಾಲಕ್ಕೆ ಸರಿಯಾಗಿ, ಒಬ್ಬ ಬಡಗಿ ಬೀರು ಮಾಡಿ ಉಳಿಸಿದ್ದ ಎಂ.ಡಿ.ಎಫ್. ಹಲಗೆಯ ತುಂಡು ತಂದು, ಬಣ್ಣ ಬಳಿಸಿ, ಓಣಿಯ ಬಾಯಲ್ಲಿ ನೇತುಹಾಕಿಸಿದಳು. ಜೂನ್ ತುಂಬ ಕೈತುಂಬ ಕೆಲಸ. “ಅಕ್ಕಾ, ಬೋರ್ಡಿನ ಖರ್ಚು ಒಂದೇ ವಾರದಲ್ಲಿ ಹುಟ್ಟಿತು” ಅಂತ ಫೋನಿನಲ್ಲಿ ಹೇಳಿ ನಕ್ಕಿದ್ದಳು.

ಜುಲೈ ಬಂತು. ಮಲೆನಾಡಿನ ಆಷಾಢದ ಮಳೆ ಗೊತ್ತಲ್ಲ, ಹಿಡಿದರೆ ಬಿಡುವುದಿಲ್ಲ. ಹದಿನೈದೇ ದಿನದಲ್ಲಿ ಹಲಗೆಯ ಕೆಳ ಅಂಚು ನೆನೆದ ಬ್ರೆಡ್ಡಿನ ಹಾಗೆ ಊದಿಕೊಂಡಿತು. ಆಮೇಲೆ ಬಣ್ಣ ಬಿರಿಯಿತು. ಶ್ರಾವಣದ ಹೊತ್ತಿಗೆ ಒಂದು ಮೂಲೆ ಕಳಚಿ ಕೆಳಗೆ ಬಿದ್ದಿತ್ತು. ಗೌರಿ ಹಬ್ಬಕ್ಕೆ ಬ್ಲೌಸ್ ಹೊಲಿಸುವವರು ಆ ಬೋರ್ಡು ನೋಡಿ, “ಅಂಗಡಿ ಮುಚ್ಚಿದ್ದಾರೆ ಅಂದ್ಕೊಂಡ್ವಿ” ಅಂತ ಬೇರೆ ಕಡೆ ಕೊಟ್ಟರಂತೆ. ವರ್ಷದ ಮುಖ್ಯ ಹಂಗಾಮೇ ಹೀಗೆ ಹೋಯಿತು.

ಮುಂದಿನ ಬೇಸಿಗೆಗೆ ಅವಳು ತಾನೇ ಕೈಯಾರೆ ಮಾಡಿಕೊಂಡ ಬೋರ್ಡು ಮಾತ್ರ ಇವತ್ತಿಗೂ ಅಲ್ಲೇ ಇದೆ. ಅದನ್ನು ಹೇಗೆ ಮಾಡಿದಳು ಅಂತ ಕೇಳಿ, ನೋಡಿ, ನಾನೂ ಒಂದನ್ನು ಮಾಡಿ ಇದನ್ನು ಬರೆಯುತ್ತಿದ್ದೇನೆ.

ಅವಲಕ್ಕಿಯ ಗುಣವೇ ಹಲಗೆಯ ಗುಣ

ಮೊದಲು ಈ ಹಲಗೆ ಏನು ಅಂತ ತಿಳಿದುಕೊಳ್ಳೋಣ. ಹಾರ್ಡ್‌ಬೋರ್ಡ್, ಎಂ.ಡಿ.ಎಫ್. ಇವೆಲ್ಲ ಮರದ ನಾರಿನ ಹಲಗೆಗಳು. ಅಮೆರಿಕದ ಮಿಸಿಸಿಪಿ ರಾಜ್ಯದ ಲಾರೆಲ್ ಎಂಬ ಊರಿನಲ್ಲಿ 1924ರಲ್ಲಿ ವಿಲಿಯಂ ಮೇಸನ್ ಎಂಬಾತ ಗರಗಸದ ಮಿಲ್ಲುಗಳಲ್ಲಿ ವ್ಯರ್ಥವಾಗುತ್ತಿದ್ದ ಚಕ್ಕೆಗಳಿಂದ ಇಂಥ ಹಲಗೆ ಮಾಡಿದ. ಚಕ್ಕೆಯನ್ನು ಗಟ್ಟಿ ಪಾತ್ರೆಯಲ್ಲಿ ಹಾಕಿ, ಬಿಗಿಯಾದ ಹಬೆ ಕೊಟ್ಟು, ಒಮ್ಮೆಲೇ ಬಾಯಿ ತೆರೆಯುವುದು. ನಮ್ಮ ಕುಕ್ಕರಿನ ಹಬೆ ಒಂದೇ ಏಟಿಗೆ ಹೊರಬಿದ್ದರೆ ಹೇಗೋ ಹಾಗೆ! ಚಕ್ಕೆ ಸಿಡಿದು ನಾರು ನಾರಾಗುತ್ತದೆ. ಆ ನಾರನ್ನು ಹಾಸಿ, ಕಾಯಿಸಿ, ಒತ್ತಿದರೆ ಮರದೊಳಗೇ ಇರುವ ಲಿಗ್ನಿನ್ ಎಂಬ ಅಂಟು ಅದನ್ನು ಹಿಡಿದುಕೊಳ್ಳುತ್ತದೆ. ಇದು ಹಾರ್ಡ್‌ಬೋರ್ಡ್. 1960ರ ದಶಕದಲ್ಲಿ ಬಂದ ಎಂ.ಡಿ.ಎಫ್.ನಲ್ಲಿ ಹೊರಗಿನಿಂದ ರಾಳದ ಅಂಟು ಬೆರೆಸಿ ಒತ್ತುತ್ತಾರೆ.

ಇನ್ನು ಅಡುಗೆಮನೆಗೆ ಬನ್ನಿ. ಅವಲಕ್ಕಿ ಅಂದರೆ ಕುಟ್ಟಿ ಚಪ್ಪಟೆ ಮಾಡಿದ ಭತ್ತ. ನೀರು ಬಿದ್ದ ಕೂಡಲೇ ಅರಳಿಕೊಳ್ಳುತ್ತದೆ. ಒತ್ತಿ ಚಪ್ಪಟೆ ಮಾಡಿದ ಮರದ ನಾರೂ ಹಾಗೇ. ನೀರು ತಾಗಿತೋ, ಹಳೆಯ ಆಕಾರಕ್ಕೆ ಹೋಗಲು ಹೊರಡುತ್ತದೆ. ಒಂದು ಸಲ ಊದಿದ ಮೇಲೆ ಒಣಗಿಸಿದರೂ ಮೊದಲಿನಂತೆ ಆಗುವುದಿಲ್ಲ. ಸಾಮಾನ್ಯ ಎಂ.ಡಿ.ಎಫ್.ನಲ್ಲಾದರೆ ಬೆರೆಸಿದ ಅಂಟೂ ನೀರಿಗೆ ಸೋಲುತ್ತದೆ. ಬೀರುವಿಗೆ ಸರಿ, ಬೀದಿಗೆ ಅಲ್ಲ.

ಹಾಗಾದರೆ ಮಳೆಗೆ ತಡೆಯುವ ಹಲಗೆ ಇಲ್ಲವೇ? ಇದೆ. ಹಾರ್ಡ್‌ಬೋರ್ಡನ್ನೇ ಅಗಸೆ ಎಣ್ಣೆಯಂಥ ಒಣಗುವ ಎಣ್ಣೆ ಕುಡಿಸಿ ಕಾರ್ಖಾನೆಯಲ್ಲಿ ಬಿಸಿಯಲ್ಲಿ ಹದ ಮಾಡುತ್ತಾರೆ. ಇದಕ್ಕೆ ‘ಟೆಂಪರ್ಡ್ ಹಾರ್ಡ್‌ಬೋರ್ಡ್’ ಎನ್ನುತ್ತಾರೆ. ಬಣ್ಣ ಹೆಚ್ಚು ಕಪ್ಪು, ಗಟ್ಟಿಯೂ ಹೆಚ್ಚು, ನೀರು ಹೀರುವುದು ಕಡಿಮೆ. ಕೊಳ್ಳುವಾಗ ಐ.ಎಸ್.ಐ. ಗುರುತು ನೋಡಿ. ಹಾರ್ಡ್‌ಬೋರ್ಡಿಗೆ ಐ.ಎಸ್. 1658 ಎಂಬ ಮಾನಕವಿದೆ. ಈಗ ಪ್ಲೈವುಡ್ ಅಂಗಡಿಗಳಲ್ಲಿ ‘ಎಚ್.ಡಿ.ಎಚ್.ಎಂ.ಆರ್.’ ಎಂದು ಕೇಳಿಬರುವ ಹಲಗೆಯೂ ನಾರಿನದೇ. ಅದು ತೇವ ತಡೆಯುತ್ತದೆ ನಿಜ, ಆದರೆ ಸುರಿಯುವ ಮಳೆಗೆ ಬರಿಮೈಯಲ್ಲಿ ನಿಲ್ಲುವಂಥದ್ದಲ್ಲ. ಐರ್ಲೆಂಡಿನಲ್ಲಿ ನಾರನ್ನೇ ರಾಸಾಯನಿಕವಾಗಿ ಬದಲಿಸಿ, ನೀರು ಅಂಟಿಕೊಳ್ಳುವ ಜಾಗವನ್ನೇ ಮುಚ್ಚಿ, ಹೊರಾಂಗಣಕ್ಕೆಂದೇ ‘ಟ್ರೈಕೋಯಾ’ ಎಂಬ ಎಂ.ಡಿ.ಎಫ್. ಮಾಡುತ್ತಾರೆ. ಬೆಲೆ ಮಾತ್ರ ನಮ್ಮಂಥವರ ಬೋರ್ಡಿಗೆ ಹೊಂದುವುದಿಲ್ಲ. ನಮ್ಮ ಕೆಲಸಕ್ಕೆ ಟೆಂಪರ್ಡ್ ಹಾರ್ಡ್‌ಬೋರ್ಡು, ಮೇಲೆ ನಮ್ಮ ಕೈಯ ಉಪಚಾರ, ಇಷ್ಟು ಸಾಕು.

ಪೇಂಟರ್ ಅಜ್ಜ ಹೇಳಿದ ಗುಟ್ಟು

ಓರಗಿತ್ತಿಯ ಓಣಿಯಲ್ಲೇ ಒಬ್ಬ ಪೇಂಟರ್ ಅಜ್ಜ ಇದ್ದಾರೆ. ಒಂದು ಕಾಲದಲ್ಲಿ ಸಿನಿಮಾ ಬೋರ್ಡು, ಅಂಗಡಿ ಬೋರ್ಡು ಬರೆದವರು. ಫ್ಲೆಕ್ಸ್ ಬಂದ ಮೇಲೆ ಕೈಗೆ ಕೆಲಸ ಇಲ್ಲ. ಇವಳು ಹಾಳಾದ ಹಲಗೆ ಹಿಡಿದು ಹೋದಾಗ ಅವರು ಮುಖದ ಕಡೆ ನೋಡಲೇ ಇಲ್ಲವಂತೆ. ತಿರುಗಿಸಿ ಬೆನ್ನು ನೋಡಿದರು, ಬೆರಳಲ್ಲಿ ಅಂಚು ಸವರಿದರು.

“ಮಗಳೇ, ಮುಖಕ್ಕೆ ಮೂರು ಕೋಟ್ ಹೊಡೆಸಿದೀಯ. ಅಂಚಿಗೆ?”

“ಅಂಚು ಯಾರಿಗೆ ಕಾಣುತ್ತೆ ಅಜ್ಜ?”

“ಮಳೆಗೆ ಕಾಣುತ್ತೆ” ಅಂದರಂತೆ ಅಜ್ಜ.

ಇಡೀ ಗುಟ್ಟು ಇಷ್ಟೇ ನೋಡಿ. ನೀರು ಬೋರ್ಡಿನ ಮುಖದಿಂದ ಒಳಗೆ ಹೋಗುವುದು ಕಡಿಮೆ. ಕತ್ತರಿಸಿದ ಅಂಚು, ಬಣ್ಣ ಕಾಣದ ಬೆನ್ನು, ಸ್ಕ್ರೂ ಹೊಡೆದ ತೂತು, ಈ ಮೂರು ಕಳ್ಳದಾರಿಯಿಂದಲೇ ಅದು ನುಗ್ಗುತ್ತದೆ. ಒತ್ತಿದ ಹಲಗೆಯ ಮುಖ ನುಣುಪು, ಬಿಗಿ. ಕತ್ತರಿಸಿದ ಅಂಚಿನಲ್ಲಿ ನಾರಿನ ಬಾಯಿಗಳೆಲ್ಲ ತೆರೆದಿರುತ್ತವೆ. ದೀಪದ ಬತ್ತಿ ಎಣ್ಣೆ ಎಳೆದಂತೆ ಅದು ನೀರನ್ನು ಎಳೆಯುತ್ತದೆ.

ನಂಬಿಕೆ ಬರದಿದ್ದರೆ ಮನೆಯಲ್ಲೇ ನೋಡಿ. ಒಂದೇ ಹಲಗೆಯ ಎರಡು ಚಿಕ್ಕ ತುಂಡು ತೆಗೆದುಕೊಳ್ಳಿ. ಒಂದಕ್ಕೆ ಅಂಚಿಗೂ ಬೆನ್ನಿಗೂ ಮುಂದೆ ಹೇಳಿದಂತೆ ಎಣ್ಣೆ, ಬಣ್ಣ ಕೊಡಿ. ಇನ್ನೊಂದಕ್ಕೆ ಮುಖಕ್ಕೆ ಮಾತ್ರ. ಎರಡನ್ನೂ ಚೆನ್ನಾಗಿ ಒಣಗಿಸಿ, ಒಂದು ರಾತ್ರಿ ಬಕೆಟ್ಟಿನ ನೀರಿನಲ್ಲಿ ಬಿಡಿ. ಬೆಳಗ್ಗೆ ಎರಡನ್ನೂ ಮುಟ್ಟಿ ನೋಡಿದರೆ ನಾನು ಹೇಳುವುದೇ ಬೇಡ.

ಬೇಕಾಗುವ ಸಾಮಗ್ರಿ (3 ಅಡಿಗೆ 2 ಅಡಿ ಬೋರ್ಡಿಗೆ)

ಟೆಂಪರ್ಡ್ ಹಾರ್ಡ್‌ಬೋರ್ಡ್, 6 ಮಿ.ಮೀ. ದಪ್ಪದ್ದು – 1 ತುಂಡು
ಒಂದೂವರೆ ಇಂಚು ಅಗಲದ ಮರದ ರೀಪು – 12 ಅಡಿ
ಕುದಿಸಿದ ಅಗಸೆ ಎಣ್ಣೆ (ಪೇಂಟ್ ಅಂಗಡಿಯಲ್ಲಿ ‘ಬಾಯಿಲ್ಡ್ ಲಿನ್‌ಸೀಡ್ ಆಯಿಲ್’ ಎಂದು ಕೇಳಿ) – 250 ಮಿ.ಲೀ.
ಟರ್ಪೆಂಟೈನ್ – 250 ಮಿ.ಲೀ.
ಎಣ್ಣೆಯ ವುಡ್ ಪ್ರೈಮರ್ – 500 ಮಿ.ಲೀ.
ಹೊರಾಂಗಣದ ಎನಾಮಲ್ ಬಣ್ಣ, ಹಿನ್ನೆಲೆಗೆ – 500 ಮಿ.ಲೀ.
ಅಕ್ಷರದ ಬಣ್ಣ – ಚಿಕ್ಕ ಡಬ್ಬಿ
ಉಪ್ಪುಕಾಗದ – ಒರಟು ಒಂದು, ನುಣುಪು ಎರಡು
ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ, ವಾಷರ್ ಸಹಿತ – 10
ಒಂದೂವರೆ ಇಂಚಿನ ಬ್ರಷ್ ಒಂದು, ಅಕ್ಷರ ಬರೆಯುವ ಬ್ರಷ್ ಎರಡು

ಈ ಅಗಸೆ ಎಣ್ಣೆ ತಿನ್ನುವ ಅಗಸೆ ಎಣ್ಣೆಯಲ್ಲ. ಬೇಗ ಒಣಗಲಿ ಅಂತ ಅದಕ್ಕೆ ಬೇರೆ ವಸ್ತು ಬೆರೆಸಿರುತ್ತಾರೆ. ಅಡುಗೆಮನೆಗೆ ತರಲೇಬೇಡಿ. ಬಣ್ಣದ ಡಬ್ಬಿಯ ಮೇಲೆ ಸೀಸದ ಪ್ರಮಾಣ ಬರೆದಿರುವುದನ್ನು ನೋಡಿ. ನಮ್ಮ ದೇಶದಲ್ಲಿ 2017ರ ನವೆಂಬರಿನಿಂದ ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದು ಎಂಬ ನಿಯಮ ಜಾರಿಯಲ್ಲಿದೆ. ಮಕ್ಕಳಿರುವ ಮನೆಗೆ ಹಳೆಯ ಡಬ್ಬಿ ಬೇಡವೇ ಬೇಡ.

ಮಾಡುವ ವಿಧಾನ

ಕಾಲ: ಶಿವರಾತ್ರಿ ಕಳೆದು ಬಿಸಿಲು ಬಲಿತ ಮೇಲೆ ಶುರುಮಾಡಿ. ಹಪ್ಪಳ ಒಣಗುವ ಬಿಸಿಲೇ ಬೋರ್ಡಿಗೂ ಬೇಕು. ಎಲ್ಲ ಸೇರಿ ಎರಡು ವಾರ ಹಿಡಿಯುತ್ತದೆ. ಆದರೆ ದಿನಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಕೆಲಸವಿಲ್ಲ.

ಕತ್ತರಿಸುವುದು: ಹಲಗೆಯನ್ನು ಅಂಗಡಿಯಲ್ಲೇ ಅಳತೆಗೆ ಕತ್ತರಿಸಿಸಿ. ಮನೆಯಲ್ಲಾದರೆ ಹೊರಗೆ, ಗಾಳಿಗೆ ಬೆನ್ನುಕೊಟ್ಟು, ಮೂಗುಬಾಯಿ ಮುಚ್ಚಿಕೊಂಡು ಕತ್ತರಿಸಿ. ಮರದ ಸಣ್ಣ ಧೂಳು ಎದೆಗೆ ಒಳ್ಳೆಯದಲ್ಲ.

ಅಂಚು: ಉಪ್ಪುಕಾಗದದಿಂದ ನಾಲ್ಕೂ ಅಂಚಿನ ಚೂಪನ್ನು ತಿಕ್ಕಿ ಗುಂಡಗೆ ಮಾಡಿ. ಇದು ಅಂದಕ್ಕಲ್ಲ. ಚೂಪು ಅಂಚಿನ ಮೇಲೆ ಬಣ್ಣ ನಿಲ್ಲುವುದಿಲ್ಲ, ತೆಳುವಾಗಿ ಜಾರಿಬಿಡುತ್ತದೆ, ಅಲ್ಲೇ ಮೊದಲು ಬಿರಿಯುತ್ತದೆ. ಸ್ಕ್ರೂವಿನ ತೂತುಗಳನ್ನೂ ಈಗಲೇ ಕೊರೆದುಬಿಡಿ, ಸ್ಕ್ರೂಗಿಂತ ಒಂದು ಕೂದಲು ದೊಡ್ಡದಾಗಿ. ಹಲಗೆ ಋತುವಿಗೆ ತಕ್ಕಂತೆ ಸ್ವಲ್ಪ ಹಿಗ್ಗಿ ಕುಗ್ಗುತ್ತದೆ, ಅದಕ್ಕೆ ಜಾಗ ಬೇಕು.

ಎಣ್ಣೆ ಕುಡಿಸುವುದು: ಅಗಸೆ ಎಣ್ಣೆ ಮತ್ತು ಟರ್ಪೆಂಟೈನ್ ಸಮಸಮ ಬೆರೆಸಿ. ಒಲೆಯ ಮೇಲೆ ಬಿಸಿ ಮಾಡಬೇಡಿ, ಬೆಂಕಿ ಹತ್ತೀತು. ಡಬ್ಬಿಯನ್ನು ಬಿಸಿಲಿನಲ್ಲಿ ಇಟ್ಟರೆ ಸಾಕು. ಮುಖ, ಬೆನ್ನು, ಅಂಚು, ತೂತಿನ ಒಳಗೆ, ಎಲ್ಲ ಕಡೆ ಹಚ್ಚಿ. ಅಂಚಿಗೆ ಎರಡು ಮೂರು ಸಲ, ಹೀರುವಷ್ಟು ಹೀರಲಿ. ಕಾಲು ಗಂಟೆ ಬಿಟ್ಟು ಮೇಲೆ ನಿಂತದ್ದನ್ನು ಬಟ್ಟೆಯಿಂದ ಒರೆಸಿಬಿಡಿ, ಇಲ್ಲದಿದ್ದರೆ ಜಿಗುಟಾಗಿ ಉಳಿಯುತ್ತದೆ. ಮರುದಿನ ಅಂಚಿಗೆ ಮಾತ್ರ ಬರಿ ಎಣ್ಣೆ ಇನ್ನೊಂದು ಸಲ. ಆಮೇಲೆ ನಾಲ್ಕೈದು ದಿನ ಒಣಗಲಿ. ಮುಟ್ಟಿದರೆ ಬೆರಳಿಗೆ ಅಂಟಬಾರದು. ಆತುರಪಟ್ಟು ಮೇಲೆ ಬಣ್ಣ ಹೊಡೆದರೆ ಆ ಬಣ್ಣ ಒಣಗುವುದೇ ಇಲ್ಲ.

ಇಲ್ಲೊಂದು ಎಚ್ಚರಿಕೆ, ದಯವಿಟ್ಟು ಎರಡು ಸಲ ಓದಿಕೊಳ್ಳಿ. ಅಗಸೆ ಎಣ್ಣೆ ಒಣಗುವಾಗ ತಾನಾಗಿ ಬಿಸಿಯಾಗುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಕಡ್ಡಿ ಗೀರದೆಯೂ ಅದು ಹೊತ್ತಿಕೊಳ್ಳಬಹುದು. ಕೆಲಸ ಮುಗಿದ ಕೂಡಲೇ ಆ ಬಟ್ಟೆಯನ್ನು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ, ಅಥವಾ ಮನೆಯ ಹೊರಗೆ ಬಿಡಿಸಿ ಹರಡಿ ಪೂರ್ತಿ ಒಣಗಿಸಿ, ಆಮೇಲೆ ಎಸೆಯಿರಿ.

ಪ್ರೈಮರ್, ಬಣ್ಣ: ಎರಡು ಕೋಟ್ ಪ್ರೈಮರ್, ಎರಡು ಕೋಟ್ ಎನಾಮಲ್. ಪ್ರತಿ ಕೋಟಿನ ನಡುವೆ ಒಂದು ದಿನ ಬಿಟ್ಟು, ನುಣುಪು ಉಪ್ಪುಕಾಗದದಿಂದ ಮೆಲ್ಲಗೆ ತಿಕ್ಕಿ, ಧೂಳು ಒರೆಸಿ. ಬೆನ್ನಿಗೂ ಮುಖದಷ್ಟೇ ಕೋಟ್ ಕೊಡಿ. ಒಂದು ಕಡೆ ಬಣ್ಣ, ಒಂದು ಕಡೆ ಬರಿದು ಆದರೆ ತೇವ ಒಂದೇ ಕಡೆಯಿಂದ ಸೇರಿ ಹಲಗೆ ಸೊಟ್ಟಗಾಗುತ್ತದೆ. ಅಂಚಿಗೆ ಒಂದು ಕೋಟ್ ಹೆಚ್ಚು. ಕೆಲವರು ಅಂಚಿಗೆ ಬಡಗಿಗಳ ಬಿಳಿ ಅಂಟು ಸವರುತ್ತಾರೆ. ಒಳಾಂಗಣಕ್ಕೆ ಅದು ಸರಿ, ಹೊರಗೆ ಮಳೆಗೆ ಅದು ಮತ್ತೆ ಮೆತ್ತಗಾಗುತ್ತದೆ.

ರೀಪಿನ ಚೌಕಟ್ಟು: ರೀಪಿಗೂ ಎಣ್ಣೆ, ಪ್ರೈಮರ್, ಬಣ್ಣ ಎಲ್ಲ ಆಗಲಿ. ಸುತ್ತ ನಾಲ್ಕು, ಮಧ್ಯೆ ನಿಲುವಾಗಿ ಒಂದು. 6 ಮಿ.ಮೀ. ಹಲಗೆ ತೆಳು, ಚೌಕಟ್ಟಿಲ್ಲದೆ ಗಾಳಿಗೆ ಬಾಗುತ್ತದೆ. ಇನ್ನೊಂದು ಲಾಭವೂ ಇದೆ. ಗೋಡೆಗೂ ಹಲಗೆಗೂ ನಡುವೆ ಸಂದು ಸಿಕ್ಕಿ ಗಾಳಿಯಾಡುತ್ತದೆ, ಬೆನ್ನು ಬೇಗ ಒಣಗುತ್ತದೆ. ಆದರೆ ಕೆಳಗಿನ ರೀಪಿನಲ್ಲಿ ಎರಡು ಕಡೆ ಚಿಕ್ಕ ಕಚ್ಚು ಹಾಕಿ, ಇಳಿದ ನೀರು ಹೊರಗೆ ಹೋಗಲಿ.

ಅಕ್ಷರ ಬರೆಯುವುದು ನಮಗೇನು ಹೊಸದೇ?

“ನನಗೆ ಬೋರ್ಡು ಬರೆಯೋಕೆ ಬರಲ್ಲ ಅಜ್ಜ” ಅಂದಳಂತೆ ಇವಳು. “ನಿನ್ನ ಬಾಗಿಲ ಮುಂದೆ ದಿನಾ ರಂಗೋಲಿ ಹಾಕೋರು ಯಾರು ಮತ್ತೆ?” ಅಂತ ಕೇಳಿದರಂತೆ ಅಜ್ಜ. ಅಳತೆ, ಅಂತರ, ಸಮತೂಕ, ಎಲ್ಲವೂ ನಮ್ಮ ಕೈಗೆ ಗೊತ್ತಿರುವುದೇ.

ಕಂದು ಕಾಗದದ ಮೇಲೆ ಅಕ್ಷರಗಳನ್ನು ಪೆನ್ಸಿಲ್ಲಿನಲ್ಲಿ ನಿಜವಾದ ಅಳತೆಗೆ ಬರೆಯಿರಿ. ತಪ್ಪಿದರೆ ಅಳಿಸಿ ಮತ್ತೆ ಬರೆಯಿರಿ, ಕಾಗದ ತಾನೆ. ಆಮೇಲೆ ಹೊಲಿಗೆ ಯಂತ್ರದ ಸೂಜಿಗೆ ದಾರ ಪೋಣಿಸದೆ, ಆ ಗೆರೆಗಳ ಮೇಲೆ ಕಾಗದವನ್ನು ಹೊಲಿಯುತ್ತ ಹೋಗಿ. ಗೆರೆಯುದ್ದಕ್ಕೂ ಸಣ್ಣ ತೂತುಗಳ ಸಾಲು ಬೀಳುತ್ತದೆ. ಕಾಗದವನ್ನು ಬೋರ್ಡಿನ ಮೇಲೆ ಅಂಟಿಸಿ, ಸೀಮೆಸುಣ್ಣದ ಪುಡಿ ಕಟ್ಟಿದ ತೆಳು ಬಟ್ಟೆಯ ಗಂಟಿನಿಂದ ತಟ್ಟಿ. ಹಿನ್ನೆಲೆ ತಿಳಿ ಬಣ್ಣದ್ದಾದರೆ ಇದ್ದಲಿನ ಪುಡಿ. ಕಾಗದ ಎತ್ತಿದಾಗ ಚುಕ್ಕಿಗಳಲ್ಲಿ ಅಕ್ಷರ ಮೂಡಿರುತ್ತದೆ. ಕಸೂತಿಯ ಡಿಸೈನ್ ಬಟ್ಟೆಗೆ ಇಳಿಸಿದವರಿಗೆ ಇದು ಹೊಸದಲ್ಲ. ಹೆಸರಾಂತ ಪೇಂಟರುಗಳೂ ಹೀಗೇ ಮಾಡುತ್ತಿದ್ದರಂತೆ. ಇನ್ನು ಬ್ರಷ್ಷಿನಿಂದ ತುಂಬುವುದಷ್ಟೇ.

ಅಕ್ಷರ ಎಷ್ಟು ದೊಡ್ಡದಿರಬೇಕು? ಬೋರ್ಡು ಬರೆಯುವವರ ಲೆಕ್ಕ ಹೀಗಿದೆ: 10 ಅಡಿ ದೂರಕ್ಕೆ 1 ಇಂಚು ಎತ್ತರ. 40 ಅಡಿ ದೂರದ ರಸ್ತೆಯಿಂದ ಕಾಣಬೇಕಾದರೆ 4 ಇಂಚು. ಕನ್ನಡದ ಒತ್ತಕ್ಷರಗಳಿಗೆ ಕೆಳಗೆ ಜಾಗ ಬೇಕಾದ್ದರಿಂದ ಸಾಲುಗಳ ನಡುವೆ ಧಾರಾಳವಾಗಿ ಬಿಡಿ. ಹಳದಿಯ ಮೇಲೆ ಕಪ್ಪು, ಕಡುನೀಲಿಯ ಮೇಲೆ ಬಿಳಿ, ಇವು ದೂರಕ್ಕೆ ಚೆನ್ನಾಗಿ ಕಾಣುತ್ತವೆ. ಕೆಂಪು ನೋಡಲು ಚೆಂದ, ಆದರೆ ಅಗ್ಗದ ಕೆಂಪು ಬಿಸಿಲಿಗೆ ಬೇಗ ಮಾಸುತ್ತದೆ. ಇನ್ನು, ಮನೆಯ ಚರಿತ್ರೆಯನ್ನೆಲ್ಲ ಬರೆಯಬೇಡಿ. ಏನು ಕೆಲಸ, ಯಾರು, ಎಲ್ಲಿ, ಫೋನ್ ನಂಬರು, ನಾಲ್ಕೇ ಮಾತು ಸಾಕು.

‘ಯಾರು’ ಅನ್ನುವಲ್ಲಿ ಅವರ ಮನೆಯಲ್ಲಿ ಸಣ್ಣ ಮಾತುಕತೆಯೇ ಆಯಿತು. ಮೊದಲ ಬೋರ್ಡಿನಲ್ಲಿ ಮಗನ ಹೆಸರಿತ್ತು. ಈ ಸಲ ಅವಳು ತನ್ನ ಹೆಸರನ್ನೇ ಕಾಗದದ ಮೇಲೆ ಬರೆದಿಟ್ಟಿದ್ದಳು. “ಮನೆ ಹೆಣ್ಣುಮಗಳ ಹೆಸರು ಬೀದಿಗೆ ಯಾಕೆ?” ಅಂದರು ಅತ್ತೆ. ಮೈದುನ ಸುಮ್ಮನಿದ್ದ. ಇವಳೂ ವಾದಕ್ಕೆ ಇಳಿಯಲಿಲ್ಲ. “ಅತ್ತೆ, ಹೊಲಿಗೆ ಕೆಟ್ಟರೆ ಬೈಯುವಾಗ ನನ್ನ ಹೆಸರು ತಾನೆ ಹೇಳೋದು? ಚೆನ್ನಾಗಿದ್ದಾಗಲೂ ಅದೇ ಇರಲಿ” ಅಂದಳಂತೆ. ಅತ್ತೆ ಸ್ವಲ್ಪ ಹೊತ್ತು ನೋಡಿ, “ಹಾಗಾದರೆ ಅಕ್ಷರ ಸೊಟ್ಟ ಬರೀಬೇಡ” ಅಂದು ಒಳಗೆ ಹೋದರು. ಬೋರ್ಡು ಈಗ ಅವಳ ಹೆಸರಿನಲ್ಲೇ ಇದೆ.

ಕಟ್ಟುವಾಗ ಗಮನಿಸಿ

ಸೂರಿನ ಕೆಳಗೆ ಜಾಗವಿದ್ದರೆ ಅಲ್ಲೇ ಹಾಕಿ. ಇಲ್ಲದಿದ್ದರೆ ಬೋರ್ಡಿನ ನೆತ್ತಿಗೆ ಎರಡು ಇಂಚಿನ ತಗಡಿನ ಟೋಪಿ ಬಡಿಸಿ. ಕೆಳ ಅಂಚು ನೆಲಕ್ಕೆ, ಕಟ್ಟೆಗೆ ತಾಗಬಾರದು, ಸಿಡಿಯುವ ನೀರೂ ಎಟುಕಬಾರದು. ಸ್ಕ್ರೂ ಹಾಕುವಾಗ ತೂತಿಗೆ ಒಂದು ತೊಟ್ಟು ಬಣ್ಣ ಬಿಟ್ಟು, ವಾಷರ್ ಇಟ್ಟು ತಿರುಗಿಸಿ. ಕಬ್ಬಿಣದ ಮೊಳೆ ಬೇಡ, ತುಕ್ಕಿನ ನೀರು ಇಳಿದು ಅಕ್ಷರದ ಮೇಲೆ ಗೆರೆ ಬರುತ್ತದೆ. ಸುತ್ತಿಗೆ ಏಟಿಗೆ ಬಣ್ಣವೂ ಬಿರಿಯುತ್ತದೆ.

ಸ್ವಂತ ಗೋಡೆ ಬಿಟ್ಟು ಬೇರೆಡೆ ಹಾಕುವುದಾದರೆ ಪುರಸಭೆ ಅಥವಾ ಪಂಚಾಯಿತಿಯಲ್ಲಿ ಕೇಳಿಕೊಳ್ಳಿ. 2024ರಲ್ಲಿ ತಿದ್ದುಪಡಿಯಾದ ನಮ್ಮ ರಾಜ್ಯದ ಕಾನೂನಿನಂತೆ ವ್ಯಾಪಾರದ ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡವಿರಬೇಕು, ಅದೂ ಮೇಲ್ಭಾಗದಲ್ಲಿ. ಅಗ್ಗ ಅಂತ ಫ್ಲೆಕ್ಸಿನ ಕಡೆ ಮನಸ್ಸು ಹೋದರೆ ಇದನ್ನೂ ನೆನಪಿಡಿ: ಕರ್ನಾಟಕದಲ್ಲಿ 2016ರಲ್ಲೇ ಪ್ಲಾಸ್ಟಿಕ್ ಫ್ಲೆಕ್ಸ್‌ಗಳಿಗೆ ನಿಷೇಧ ಬಂದಿದೆ. 100 ಮೈಕ್ರಾನಿಗಿಂತ ತೆಳುವಾದ ಪಿ.ವಿ.ಸಿ. ಬ್ಯಾನರುಗಳನ್ನು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಲಾಗಿದೆ.

ವರ್ಷಕ್ಕೊಂದು ದಿನದ ಆರೈಕೆ

ಒಂದು ಮಾತು ನೇರವಾಗಿ ಹೇಳಬೇಕು. ಎಷ್ಟೇ ಉಪಚಾರ ಮಾಡಿದರೂ ಇದು ಕಲ್ಲಲ್ಲ, ಮರದ ನಾರು. ಮಳೆ ನೇರವಾಗಿ ಹೊಡೆಯುವ ಬಯಲಿನಲ್ಲಿ ಆರೈಕೆಯಿಲ್ಲದೆ ವರ್ಷಗಟ್ಟಲೆ ನಿಲ್ಲಬೇಕು ಅಂದರೆ ತಗಡಿನ ಬೋರ್ಡೇ ಮೇಲು. ಮನೆಯ ಗೋಡೆ, ಓಣಿಯ ಬಾಯಿ, ಸೂರಿನ ಆಸರೆ ಇದ್ದ ಕಡೆ ನಾರಿನ ಹಲಗೆ ಚೆನ್ನಾಗಿ ಬಾಳುತ್ತದೆ. ಕೈಯಲ್ಲೇ ಕೆಲಸ ಮಾಡಬಹುದು, ಬಣ್ಣ ನುಣುಪಾಗಿ ಕೂರುತ್ತದೆ, ತುಕ್ಕಿನ ಭಯವಿಲ್ಲ.

ಪ್ರತಿ ವರ್ಷ ಮೇ ತಿಂಗಳಲ್ಲಿ, ಮಳೆಗೆ ಮುಂಚೆ, ಬೋರ್ಡನ್ನು ಒದ್ದೆ ಬಟ್ಟೆಯಿಂದ ಒರೆಸಿ ಅಂಚಿನ ಸುತ್ತ ಬೆರಳಾಡಿಸಿ. ಎಲ್ಲಾದರೂ ಬಿರುಕು ಕಂಡರೆ ತಿಕ್ಕಿ, ಒಣಗಿಸಿ, ಪ್ರೈಮರ್ ಮುಟ್ಟಿಸಿ ಬಣ್ಣ ಹಚ್ಚಿ. ಎರಡು ಮೂರು ವರ್ಷಕ್ಕೊಮ್ಮೆ ಮೇಲ್ಬಣ್ಣ ಒಂದು ಕೋಟ್.

ಓರಗಿತ್ತಿ 2023ರ ಮಾರ್ಚಿನಲ್ಲಿ ಮಾಡಿದ ಬೋರ್ಡಿಗೆ 2025ರ ಬೇಸಿಗೆಯಲ್ಲಿ ಒಂದು ಸಲ ಮೇಲ್ಬಣ್ಣ ಕೊಟ್ಟದ್ದು ಬಿಟ್ಟರೆ ಬೇರೆ ಖರ್ಚಿಲ್ಲ. ಅಂಚು ಇವತ್ತಿಗೂ ಗಟ್ಟಿ. ಅದನ್ನು ನೋಡಿ ಪಕ್ಕದ ಬೀದಿಯ ಮನೆಪಾಠದವರು, ಉಪ್ಪಿನಕಾಯಿ ಮಾಡುವವರು ತಮಗೂ ಒಂದು ಬೇಕು ಅಂದರಂತೆ. ಈಗ ಹಲಗೆಗೆ ಎಣ್ಣೆ, ಬಣ್ಣ ಇವಳದ್ದು, ಅಕ್ಷರ ಪೇಂಟರ್ ಅಜ್ಜನದ್ದು, ಬಂದದ್ದರಲ್ಲಿ ಇಬ್ಬರಿಗೂ ಪಾಲು. ಕೆಲಸವಿಲ್ಲದೆ ಕೂತಿದ್ದ ಕೈಗೂ ಬ್ರಷ್ಷು ಸಿಕ್ಕಿತು.

ಮೊನ್ನೆ ಹೋಗಿದ್ದಾಗ ಹೊಸ ಬೋರ್ಡೊಂದು ಹಿತ್ತಲಲ್ಲಿ ಹಪ್ಪಳದ ಪಕ್ಕದಲ್ಲೇ ಒಣಗುತ್ತಿತ್ತು. ಅತ್ತೆ ಕಾವಲು ಕೂತಿದ್ದರು. ನಾನು ಮುಟ್ಟಲು ಹೋದರೆ, “ಮುಖ ಮುಟ್ಟಬೇಡ, ಇನ್ನೂ ಹಸಿ” ಅಂದವರು, ತಾವೇ ಎದ್ದು ಬಂದು ಬಗ್ಗಿ ಅಂಚನ್ನು ನೋಡಿದರು. “ಇಲ್ಲಿಗೆ ಇನ್ನೊಂದು ಕೋಟ್ ಬೇಕು ಕಣೇ” ಅಂತ ಒಳಗಿದ್ದ ಸೊಸೆಯನ್ನು ಕೂಗಿದರು.